ಕುಂಚಿಗೆಯೊಳಗಿನ ನೂರನೇ ರೋಗಿ

ಕುರುಗೋಡಿನ ಮಂಡಕ್ಕಿ ಭಟ್ಟಿಯ ಹುಲುಗಮ್ಮ ಇನ್ನು ಯುಗಾದಿಯವರೆಗೆ ಒಂದೇ ಒಂದು ಸುಳ್ಳೂ ಹೇಳುವುದಿಲ್ಲ ಎಂದು ಆಣೆ ಮಾಡಿದಾಗ ಊರಿನಲ್ಲಿ ಅದನ್ನು ನಂಬಿದವರು ಇಬ್ಬರೇ. ಒಬ್ಬಳು ಪಕ್ಕದ ಮನೆಯ ಮಾಸುಮಾಬಿ, ಯಾರು ಏನು ಹೇಳಿದರೂ ನಂಬುವವಳು. ಇನ್ನೊಬ್ಬಳು ಸ್ವತಃ ಹುಲುಗಮ್ಮ.

ಆಣೆಗೆ ಕಾರಣ ಕಿರಾಣಿ ಅಂಗಡಿಯ ಗಾದೆಪ್ಪ. ಅದು ಸಾವಿರದ ಒಂಬೈನೂರ ಐವತ್ತೊಂದರ ಆರಂಭ. ಬಳ್ಳಾರಿ ಜಿಲ್ಲೆ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರುತ್ತದೋ ಆಂಧ್ರಕ್ಕೋ ಎಂದು ಕಟ್ಟೆಯ ಮೇಲೆ ಕೂತವರೆಲ್ಲ ವಾದ ಮಾಡುತ್ತಿದ್ದರು. ಆ ವಾದದಲ್ಲಿ ಎಲ್ಲರಿಗಿಂತ ದೊಡ್ಡ ದನಿ ಗಾದೆಪ್ಪನದು. ಒಂದು ದಿನ ಹುಲುಗಮ್ಮ ಅಂಗಡಿಗೆ ಬೆಲ್ಲ ಕೊಳ್ಳಲು ಹೋದವಳು, ಇದನ್ನೆಲ್ಲ ತೀರ್ಮಾನ ಮಾಡುವ ದೊಡ್ಡ ಅಧಿಕಾರಿ ಸೋಮವಾರ ಕುರುಗೋಡಿಗೆ ಬರುತ್ತಾರೆಂದೂ, ಊಟಕ್ಕೆ ಗಾದೆಪ್ಪನ ಮನೆಯೇ ಆಗಬೇಕೆಂದು ಹೇಳಿಕಳಿಸಿದ್ದಾರೆಂದೂ ಅವನ ಕಿವಿಯಲ್ಲಿ ಊದಿ ಬಂದಳು. ಗಾದೆಪ್ಪ ಮನೆಗೆ ಸುಣ್ಣ ಹೊಡೆಸಿದ. ನಲವತ್ತು ಜನಕ್ಕೆ ಹೋಳಿಗೆ ಮಾಡಿಸಿದ. ಸೋಮವಾರ ಕೋಟು ಹಾಕಿಕೊಂಡು ಒಬ್ಬ ಮನುಷ್ಯ ಬಂದದ್ದೇನೋ ನಿಜ. ಆತ ಸಿಡುಬಿನ ಚುಚ್ಚುಮದ್ದು ಹಾಕುವವನು. ಹನ್ನೊಂದು ಹೋಳಿಗೆ ಉಂಡು, ಬಾಗಿಲಲ್ಲಿ ಸಾಲಾಗಿ ಕೈಮುಗಿದು ನಿಂತಿದ್ದ ಗಾದೆಪ್ಪನ ಮನೆಮಂದಿಗೆಲ್ಲ ತೋಳಿಗೆ ಚುಚ್ಚಿ, ಇಷ್ಟು ಶಿಸ್ತಿನ ಮನೆಯನ್ನು ತಾನು ಜಿಲ್ಲೆಯಲ್ಲೇ ಕಂಡಿಲ್ಲ ಎಂದು ಹೊಗಳಿ ಹೋದ.

ಮರುದಿನ ಹುಲುಗಮ್ಮನ ಗಂಡ ಜಡೆಪ್ಪ ಆಕೆಯನ್ನು ದೊಡ್ಡ ಬಸವಣ್ಣನ ಗುಡಿಗೆ ಕರೆದುಕೊಂಡು ಹೋಗಿ, ಬಸವಣ್ಣನ ಪಾದದ ಮೇಲೆ ಕೈ ಇಡಿಸಿದ.

"ಯುಗಾದಿ ತನ ಒಂದು ಸುಳ್ಳು ಬಾಯಾಗ ಬರಂಗಿಲ್ಲ. ಅನ್ನು," ಎಂದ.

"ಬರಂಗಿಲ್ಲ," ಎಂದಳು ಹುಲುಗಮ್ಮ. "ಆದ್ರ ಸುಮ್ನ ಇರಬೌದಲ್ಲ?"

"ಸುಮ್ನ ಇರೋದು ನಿನ್ನ ಕೈಲಿ ಆಗೋ ಮಾತಾ?" ಎಂದು ಜಡೆಪ್ಪ ನಕ್ಕ.

ಇದಾದ ವಾರಕ್ಕೆ, ಭಟ್ಟಿಯ ಹಿಂದೆ ಉರುವಲಿಗೆಂದು ಸುರಿದಿದ್ದ ಭತ್ತದ ಹೊಟ್ಟಿನ ರಾಶಿಯಲ್ಲಿ ಓಣಿಯ ಕೆಂಪು ನಾಯಿ ಐದು ಮರಿ ಹಾಕಿತು. ಅದನ್ನು ಎಲ್ಲರೂ ಕೆಂದಿ ಎಂದು ಕರೆಯುತ್ತಿದ್ದರು. ಭಟ್ಟಿಯ ಶಾಖ ರಾತ್ರಿಯೆಲ್ಲ ಗೋಡೆಯಲ್ಲಿ ಉಳಿಯುತ್ತಿದ್ದುದರಿಂದ ಬಾಣಂತಿಗೆ ಅದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿ ಇರಲಿಲ್ಲ. ಹುಲುಗಮ್ಮ ಬೆಳಿಗ್ಗೆ ಸಂಜೆ ಗಂಜಿ ಇಟ್ಟಳು. ಹನ್ನೆರಡು ಹದಿಮೂರನೇ ದಿನಕ್ಕೆ ನಾಲ್ಕು ಮರಿ ಒಂದೊಂದಾಗಿ ಕಣ್ಣು ಬಿಟ್ಟವು. ಐದನೆಯದು ಬಿಡಲಿಲ್ಲ. ಆ ಗಂಡುಮರಿ ತಾಯಿಯ ಮೊಲೆ ಹುಡುಕುತ್ತ ತಪ್ಪಿ ಗೋಡೆಗೆ ಹೋಗಿ ಮುಖ ತಿಕ್ಕುತ್ತಿತ್ತು. ಹದಿನೈದನೇ ದಿನ ಹುಲುಗಮ್ಮ ಅದನ್ನು ಮಡಿಲಿಗೆ ಎತ್ತಿಕೊಂಡು ಬೆರಳಿಂದ ಸವರಿದಾಗ ಎರಡೂ ರೆಪ್ಪೆಗಳ ಕೆಳಗೆ ಗೋಲಿ ಇಟ್ಟ ಹಾಗೆ ಊದಿಕೊಂಡಿತ್ತು. ಮೂಗಿನ ಕಡೆಯ ಮೂಲೆಯಲ್ಲಿ ಅಂಟಂಟಾಗಿ ಏನೋ ಒಣಗಿತ್ತು. ಬೆರಳು ತಾಗಿದ್ದೇ ತಡ ಮರಿ ಇಡೀ ಮೈ ನಡುಗಿಸಿ ಕಿರುಚಿತು.

ಸುದ್ದಿ ತಿಳಿದು ಔಷಧ ಹೇಳುವವರು ಬಂದರು. ಸೂಲಗಿತ್ತಿ ಪಾರಮ್ಮ ಉಳ್ಳಾಗಡ್ಡಿ ರಸ ಹಿಂಡು ಎಂದಳು.

"ಮೊದ್ಲು ನಿನ್ನ ಕಣ್ಣಿಗೆ ಹಿಂಡಿಕೊಂಡು ತೋರ್ಸು ಬಾ," ಎಂದಳು ಹುಲುಗಮ್ಮ.

ಗಾದೆಪ್ಪ ತೋಳಿನ ಗಾಯ ತುರಿಸಿಕೊಳ್ಳುತ್ತ ಬಂದು, ಬ್ಲೇಡಿನಿಂದ ಒಂದು ಗೀರು ಹಾಕಿದರೆ ಎರಡೂ ತೆರೆದುಕೊಳ್ಳುತ್ತವೆ ಎಂದ. ಹುಲುಗಮ್ಮ ಅವನಿಗೆ ಉತ್ತರ ಕೊಡದೆ ಮಂಡಕ್ಕಿ ಸೋಸುವ ಜರಡಿಯನ್ನು ಕೈಗೆತ್ತಿಕೊಂಡಳು. ಗಾದೆಪ್ಪನಿಗೆ ಅಂಗಡಿಯ ನೆನಪಾಯಿತು. ಎತ್ತಿನ ಡಾಕ್ಟರು ದನಗಳಿಗೆ ಸೂಜಿ ಹಾಕುತ್ತ ಹಳ್ಳಿಯ ಮೇಲೆ ಹಳ್ಳಿ ಸುತ್ತುತ್ತಿದ್ದರು, ಬರುವುದು ಇನ್ನೂ ಹದಿನೈದು ದಿನ. ಅಷ್ಟು ದಿನ ಮರಿ ಉಳಿಯುವ ಹಾಗೆ ಕಾಣಲಿಲ್ಲ. ಕಣ್ಣು ಕಾಣದ ಅದನ್ನು ಉಳಿದ ನಾಲ್ಕೂ ಒದ್ದು ಹೊರಗೆ ತಳ್ಳುತ್ತಿದ್ದವು.

ಆಗ ಸಿರುಗುಪ್ಪದಿಂದ ಹೊಟ್ಟಿನ ಮೂಟೆ ಹೇರಿಕೊಂಡು ಬಂದ ಗಾಡಿಯ ಮಾರೆಣ್ಣ ಒಂದು ಸುದ್ದಿ ತಂದ. ಗುರುವಾರ ಅಲ್ಲಿ ಅಕ್ಕಿ ಗಿರಣಿಯ ಚಂದ್ರಣ್ಣನವರು ತಮ್ಮ ಗೋದಾಮಿನಲ್ಲಿ ಕಣ್ಣಿನ ಕ್ಯಾಂಪು ಮಾಡಿಸುತ್ತಿದ್ದಾರೆ. ಬಳ್ಳಾರಿಯಿಂದ ದೊಡ್ಡ ಡಾಕ್ಟರು ಬರುತ್ತಾರೆ.

"ಹುಟ್ಟಿದ ಕೂಸಿಂದ ಹಿಡದು ಹಣ್ಣು ಮುದುಕರ ತನ ಎಲ್ಲಾರಿಗೂ ಪುಕ್ಕಟ ಅಂತವ್ವಾ," ಎಂದ ಮಾರೆಣ್ಣ.

ಮಡಿಲಲ್ಲಿದ್ದ ಮರಿಯನ್ನು ಸವರುತ್ತಿದ್ದ ಹುಲುಗಮ್ಮನ ಕೈ ನಿಂತಿತು. "ಹುಟ್ಟಿದ ಕೂಸಿಗೂ?"

"ಹೂಂ ಮತ್ತ."

"ಯಾರ ಹೊಟ್ಟ್ಯಾಗ ಹುಟ್ಟಿದ್ದು ಅಂತ ಕೇಳ್ತಾರೇನು?"

ಮಾರೆಣ್ಣ ಆಕೆಯ ಮುಖವನ್ನೂ ಮಡಿಲಲ್ಲಿದ್ದ ಮರಿಯನ್ನೂ ನೋಡಿ, ಎತ್ತುಗಳಿಗೆ ನೀರು ಕುಡಿಸಬೇಕು ಎಂದು ಎದ್ದುಹೋದ.

ಹುಲುಗಮ್ಮನ ಲೆಕ್ಕಾಚಾರ ಸರಳವಾಗಿತ್ತು. ಆಣೆ ಮಾಡಿದವಳು ತಾನು, ಮಾಸುಮಾಬಿ ಅಲ್ಲ. ಆದ್ದರಿಂದ ಮಾತಾಡುವ ಕೆಲಸ ಮಾಸುಮಾಬಿಯದು. ಮಾಸುಮಾಬಿಗೆ ನಲವತ್ತೈದು ವಯಸ್ಸು. ಗಂಡ ತೀರಿಹೋದ ಮೇಲೆ ಎರಡು ಆಡು ಸಾಕಿಕೊಂಡು, ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತ ಬದುಕುತ್ತಿದ್ದಳು. ಹುಲುಗಮ್ಮನ ಜೊತೆ ಬೆಂಕಿಗೆ ಬೀಳು ಎಂದರೂ ಬೀಳುವವಳು, ಆದರೆ ಸುಳ್ಳು ಆಕೆಯ ಗಂಟಲಲ್ಲೇ ಸಿಕ್ಕಿಬೀಳುತ್ತಿತ್ತು. ಬುಧವಾರ ಮಧ್ಯಾಹ್ನ ಇಬ್ಬರೂ ಹೊಟ್ಟಿನ ರಾಶಿಯ ಮೇಲೆ ಕೂತು ತಾಲೀಮು ನಡೆಸಿದರು.

"ಈಗ ನಾನು ಕಂಪೌಂಡರು," ಎಂದಳು ಹುಲುಗಮ್ಮ ದನಿ ದಪ್ಪ ಮಾಡಿ. "ಏನಮ್ಮಾ, ಇದು ಯಾರ ಕೂಸು?"

"ನಾ... ನಾ..." ಮಾಸುಮಾಬಿಯ ಹಣೆಯ ಮೇಲೆ ಬೆವರು ಬಂತು. "ನಾಯಿದ್ರಿ!"

"ಹಾಳಾತು!"

"ನನ್ನ ಕೈಲಿ ಆಗಂಗಿಲ್ಲ ಹುಲುಗಕ್ಕಾ. ಜೊತಿಗೆ ಬರ್ತೀನಿ, ಆಡಿನ ಹಾಲು ತರ್ತೀನಿ, ಬೇಕಾದ್ರ ಅಲ್ಲೇ ಬಿದ್ದು ಅಳ್ತೀನಿ. ಸುಳ್ಳು ಮಾತ್ರ ಕೇಳಬ್ಯಾಡ."

ಹುಲುಗಮ್ಮ ಸೀರೆಗೆ ಅಂಟಿದ ಹೊಟ್ಟು ಕೊಡವಿಕೊಂಡು ಎದ್ದಳು. "ಬಿಡು. ಖರೇನ ಹೇಳಿದ್ರಾತು. ಎಷ್ಟು ಬೇಕೋ ಅಷ್ಟು ಖರೆ."

ಗುರುವಾರ ಮುಂಜಾನೆ ಪೆಟ್ಟಿಗೆಯ ತಳದಿಂದ ಮೊಮ್ಮಗನ ಹಳೆಯ ಕುಂಚಿಗೆ ತೆಗೆದು ಮರಿಗೆ ತೊಡಿಸಿದಳು. ಕುಡತಿನಿಗೆ ಕೊಟ್ಟ ಮಗಳು ಬಾಣಂತನಕ್ಕೆ ಬಂದಾಗ ಹೊಲಿಸಿದ್ದು. ತಲೆಗೆ ಟೊಪ್ಪಿಗೆ, ಬೆನ್ನ ತುಂಬ ಇಳಿಬಿದ್ದ ಬಟ್ಟೆ, ಅಂಚಿಗೆ ಕೆಂಪು ಕುಚ್ಚು. ಟೊಪ್ಪಿಗೆಯನ್ನು ಮೂಗಿನವರೆಗೆ ಎಳೆದರೆ ಉಳಿದದ್ದು ಯಾರಿಗೂ ಕಾಣುತ್ತಿರಲಿಲ್ಲ.

"ಎಲ್ಲಿಗೆ ಹೊಂಟೀರಿ?" ಎಂದ ಜಡೆಪ್ಪ.

"ಸಿರುಗುಪ್ಪಕ್ಕ, ಕಣ್ಣು ತೋರ್ಸಾಕ."

"ನಿನ್ನ ಕಣ್ಣಿಗೇನಾಗೈತಿ?"

"ಬಸ್ಸಿಗೆ ಹೊತ್ತಾತ್ರಿ," ಎಂದು ಹುಲುಗಮ್ಮ ಹೊಸ್ತಿಲು ದಾಟಿದಳು. ಬಸ್ಸಿಗೆ ಹೊತ್ತಾಗಿದ್ದು ನಿಜವೇ.

ಬಸ್ಸು ಸಿರಿಗೇರಿ ಮುಟ್ಟುವಷ್ಟರಲ್ಲಿ ಪಕ್ಕದಲ್ಲಿ ಒಬ್ಬ ಮುದುಕಿ ಬಂದು ಕೂತಳು. ಕೂಸು ಎಂದರೆ ಅವಳಿಗೆ ಜೀವ. ಗಂಡೋ ಹೆಣ್ಣೋ ಎಂದು ಕೇಳಿದಳು. ಗಂಡು ಎಂದಳು ಹುಲುಗಮ್ಮ.

"ಯಾರಂಗ ಅದಾನವ್ವಾ?"

"ಥೇಟು ತಾಯಿನ್ರಿ. ಕಿವಿ, ಮೂಗು, ಬಣ್ಣ, ಎಲ್ಲಾ ಆಕೀದ."

"ಎಲ್ಲಿ, ಮಾರಿ ತೋರ್ಸು ನೋಡೋಣ."

"ಕಣ್ಣು ಬಾತಾವ್ರಿ. ಮುಚ್ಚೀನಿ."

ಅಷ್ಟರಲ್ಲಿ ಮರಿ 'ಕುಂಯ್' ಎಂದಿತು. ಮುದುಕಿ ಹುಬ್ಬೇರಿಸಿದಳು. "ಧ್ವನಿ ಭಾಳ ಕೀರಲು ಐತಲ್ಲ!"

"ಈಗ ಹಂಗೈತ್ರಿ. ಮುಂದ ನೋಡ್ರಿ, ಒಮ್ಮೆ ಬಾಯಿ ತೆಗೆದ್ರ ಓಣಿಗೆಲ್ಲಾ ಕೇಳ್ತೈತಿ."

ಮಾಸುಮಾಬಿ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಸಂಬಂಧಿಕರು ಯಾರೋ ಸತ್ತಿರಬೇಕು ಎಂದುಕೊಂಡು ಮುದುಕಿ ಅವಳ ಬೆನ್ನು ಸವರಿ ಸಮಾಧಾನ ಹೇಳಿದಳು.

ಗೋದಾಮಿನ ಮುಂದೆ ಚಪ್ಪರ ಹಾಕಿದ್ದರು. ಒಂದು ಕಡೆ ಡಾಕ್ಟರ ಕೋಣೆಗೆ ಬಿಳಿ ಪರದೆ. ಬಾಗಿಲ ಬಳಿ ಮೇಜಿನ ಮೇಲೆ ದೊಡ್ಡ ರಿಜಿಸ್ಟರು ತೆರೆದಿಟ್ಟುಕೊಂಡು ಕಂಪೌಂಡರ್ ಪಕ್ಕೀರಪ್ಪ ಕೂತಿದ್ದ. ಅವನಿಗೆ ಅಂದು ಒಂದೇ ಚಿಂತೆ. ನೂರು ರೋಗಿಗಳಾದರೂ ಆಗಬೇಕು ಎಂದು ಚಂದ್ರಣ್ಣನವರು ಹೇಳಿದ್ದರು. ನೂರನೆಯವರಿಗೆ ಮಾಲೆ ಹಾಕಿ ಫೋಟೋ ಹಿಡಿಸಲು ಬಳ್ಳಾರಿಯಿಂದ ಫೋಟೋದವನನ್ನೂ ಕರೆಸಿದ್ದರು. ತೊಂಬತ್ತೊಂಬತ್ತಕ್ಕೆ ಬಂದು ಸಾಲು ನಿಂತುಹೋಗಿತ್ತು. ಅರ್ಧ ಗಂಟೆಯಿಂದ ಪಕ್ಕೀರಪ್ಪ ರಸ್ತೆಯನ್ನೇ ನೋಡುತ್ತಿದ್ದ. ಕುಂಚಿಗೆಯ ಕೂಸನ್ನು ಹೊತ್ತ ಹೆಂಗಸು ಕಂಡಾಗ ಅವನು ಎದ್ದು ನಿಂತು ಸ್ವಾಗತಿಸಿದ.

"ಬರ್ರಿ ಬರ್ರಿ. ಹೆಸರು?"

"ಮರಿ ಅಂತೀವ್ರಿ."

"ಮರಿ ಅಂದ್ರ? ಮರಿಯಪ್ಪನೋ, ಮರಿಬಸಪ್ಪನೋ?"

"ಇನ್ನಾ ಹೆಸರು ಇಟ್ಟಿಲ್ರಿ. ಸದ್ಯಕ್ಕ ಬರೀ ಮರಿ."

ಪಕ್ಕೀರಪ್ಪ ತಾನೇ ಯೋಚಿಸಿ 'ಮರಿಬಸಪ್ಪ' ಎಂದು ಬರೆದ. "ವಯಸ್ಸು?"

"ಇವತ್ತಿಗೆ ಹದಿನೆಂಟು ದಿನ."

"ತಾಯಿ?"

"ಕೆಂದಿ ಅಂತಾರ್ರಿ."

ಅವನು 'ಕೆಂಚಮ್ಮ' ಎಂದು ಬರೆದ. "ಬಾಣಂತಿ ಯಾಕ ಬರಲಿಲ್ಲ?"

"ಮನ್ಯಾಗ ಇನ್ನಾ ನಾಲ್ಕು ಅದಾವ್ರಿ. ಬಿಟ್ಟು ಹೆಂಗ ಬರ್ತಾಳ?"

"ಪಾಪ, ಐದು ಮಕ್ಕಳು!" ಪಕ್ಕೀರಪ್ಪ ತಲೆಯಾಡಿಸಿದ. "ತಂದಿ ಹೆಸರು?"

ಹುಲುಗಮ್ಮ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದಳು. "ಅದೊಂದು ಕೇಳಬ್ಯಾಡಪ್ಪಾ. ಊರಾಗ ಯಾರಿಗೂ ಗೊತ್ತಿಲ್ಲ."

ಪಕ್ಕೀರಪ್ಪನ ಕಿವಿ ಕೆಂಪಾಯಿತು. ಕೆಮ್ಮಿ, ಸುತ್ತ ನೋಡಿ, ಆ ಜಾಗದಲ್ಲಿ ಸಣ್ಣ ಗೆರೆ ಎಳೆದ. "ಕೆಲವು ಗಂಡಸ್ರು ಹಂಗಾ," ಎಂದು ಪಿಸುಗುಟ್ಟಿದ.

"ಹೌದ್ರಿ. ಬಂದ್ವು, ಹೋದ್ವು. ತಿರುಗಿ ನೋಡಲಿಲ್ಲ."

"ನೀವು ಇದಕ್ಕ ಏನಾಗಬೇಕು?"

"ನಮ್ಮಲ್ಲೇ ಹುಟ್ಟೈತ್ರಿ. ತಾಯಿ ಬಿಟ್ರ ನಾನ ಇದಕ್ಕ."

ಪಕ್ಕೀರಪ್ಪ ಕಣ್ಣು ಒರೆಸಿಕೊಂಡು, ಎದ್ದು, ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿದ: "ನಂಬರ್ ನೂರು!"

ಇದನ್ನು ಮಾತ್ರ ಹುಲುಗಮ್ಮ ಎಣಿಸಿರಲಿಲ್ಲ. ನೋಡನೋಡುತ್ತಿದ್ದಂತೆ ಜರಿ ರುಮಾಲಿನ ಚಂದ್ರಣ್ಣನವರು ಸೇವಂತಿಗೆ ಮಾಲೆ ಹಿಡಿದು ಬಂದರು. ಹಿಂದೆ ಮೂರು ಕಾಲಿನ ಕ್ಯಾಮೆರಾ, ಅದರ ಹಿಂದೆ ಕರಿ ಬಟ್ಟೆಯೊಳಗೆ ತಲೆ ತೂರಿಸಿದ ಫೋಟೋದವನು. ಮಾಲೆ ಕುಂಚಿಗೆಯ ಮೇಲೆ ಬಿತ್ತು. ಮರಿಯ ಮೈಗಿಂತ ಮಾಲೆಯೇ ಭಾರವಾಗಿತ್ತು.

"ನಮ್ಮ ಕ್ಯಾಂಪಿನ ಪುಣ್ಯ, ನೂರನೇ ರೋಗಿ ಹಸುಗೂಸು!" ಎಂದು ಚಂದ್ರಣ್ಣನವರು ನೆರೆದವರಿಗೆಲ್ಲ ಹೇಳಿದರು. "ಏನವ್ವಾ, ದೊಡ್ಡವನಾದ ಮ್ಯಾಲೆ ಇವನನ್ನ ಏನು ಮಾಡಿಸ್ಬೇಕಂತೀದಿ?"

"ನಾವು ಮಾಡಸೋದೇನ್ರಿ," ಎಂದಳು ಹುಲುಗಮ್ಮ ವಿನಯದಿಂದ. "ಕಾಯೋ ಕೆಲಸ ಇವನ ರಕ್ತದಾಗ ಐತಿ. ಕಳ್ಳರು ಬಂದ್ರ ಬೆನ್ನು ಹತ್ತುತಾನ. ಯಾರು ಊರಿಗೆ ಬಂದ್ರೂ ಮೊದ್ಲು ಇವನ ಕೇಳ್ತಾನ."

"ಪೊಲೀಸ್!" ಚಂದ್ರಣ್ಣನವರು ಹಿಗ್ಗಿದರು. "ಮನೆತನದಿಂದ ಬಂದ ಕೆಲಸ ಅನ್ನು!"

"ತಲಿತಲಾಂತರದ್ರಿ."

ಅದೇ ಹೊತ್ತಿಗೆ, ಹೊಗಳಿಕೆ ಅರ್ಥವಾದಂತೆ, ಕುಂಚಿಗೆಯ ಹಿಂಬದಿಯಿಂದ ಬೆರಳುದ್ದದ ಕಂದು ಬಾಲ ಹೊರಗೆ ಬಂದು ಅಲ್ಲಾಡತೊಡಗಿತು. ಹುಲುಗಮ್ಮನಿಗೆ ಗೊತ್ತಾಗಲಿಲ್ಲ. ಮಾಸುಮಾಬಿಗೆ ಗೊತ್ತಾಯಿತು. ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ನಿಲ್ಲದ ಹೆಂಗಸು ಒಂದೇ ನೆಗೆತಕ್ಕೆ ಕ್ಯಾಮೆರಾದ ಎದುರಿಗೆ ಹೋಗಿ, ತನ್ನ ಸೆರಗನ್ನು ಕೂಸಿನ ಮೇಲೆ ಹೊದಿಸಿ, ಹುಲುಗಮ್ಮನನ್ನು ತಬ್ಬಿಕೊಂಡು ನಿಂತಳು. ಕ್ಯಾಮೆರಾ ಕ್ಲಿಕ್ ಎಂದಿತು. ಹಿಂದೂ ಮುಸಲ್ಮಾನರ ಇಂಥ ಒಗ್ಗಟ್ಟನ್ನು ಕಂಡು ತಮ್ಮ ಜನ್ಮ ಸಾರ್ಥಕವಾಯಿತೆಂದು ಚಂದ್ರಣ್ಣನವರು ಭಾಷಣ ಶುರು ಮಾಡಿದರು. ಆ ಸಂದಿನಲ್ಲಿ ಇಬ್ಬರೂ ಪರದೆಯ ಒಳಗೆ ನುಸುಳಿದರು.

ಡಾಕ್ಟರ್ ಚಿದಾನಂದಪ್ಪನವರು ಬಳ್ಳಾರಿಯ ಸತ್ಯನಾರಾಯಣಪೇಟೆಯವರು. ಬಿಳಿ ಮೀಸೆ, ಕಡಿಮೆ ಮಾತು. ತೊಂಬತ್ತೊಂಬತ್ತು ಜೋಡಿ ಕಣ್ಣು ನೋಡಿ ಸೊಂಟ ಹಿಡಿದುಹೋಗಿತ್ತು. ದೀಪ ಹತ್ತಿರಕ್ಕೆ ಎಳೆದುಕೊಂಡು ಟೊಪ್ಪಿಗೆ ಹಿಂದಕ್ಕೆ ಸರಿಸಿದರು. ಕೈ ಅಲ್ಲೇ ನಿಂತಿತು. ಒಮ್ಮೆ ಮರಿಯನ್ನು ನೋಡಿದರು, ಒಮ್ಮೆ ಹುಲುಗಮ್ಮನನ್ನು.

"ಪಕ್ಕೀರಪ್ಪಾ," ಎಂದು ಮೆಲ್ಲಗೆ ಕರೆದರು. "ರಿಜಿಸ್ಟರು ತೊಗೊಂಡು ಬಾ. ಈ ಮರಿಬಸಪ್ಪನ ಮಾರಿ ನೋಡೀಯೇನು?"

ಪಕ್ಕೀರಪ್ಪ ಬಂದು, ಬಾಗಿ, ನೋಡಿ, ಹಿಂದಿದ್ದ ಸ್ಟೂಲಿನ ಮೇಲೆ ಕುಸಿದ. "ಸರ್, ಈಕಿ ನನಗ ಸುಳ್ಳು ಹೇಳ್ಯಾಳ್ರಿ!"

"ಒಂದು ಸುಳ್ಳು ತೋರಸ್ರಿ," ಎಂದಳು ಹುಲುಗಮ್ಮ. ಮರಿಯನ್ನು ಮಡಿಲಿಗೆ ಎಳೆದುಕೊಂಡಳು. "ಒಂದಾ ಒಂದು. ತೋರಿಸಿದ್ರ ಈಗಿಂದೀಗ ಎತ್ತಿಕೊಂಡು ಹೋಗ್ತೀನಿ."

ಚಿದಾನಂದಪ್ಪನವರು ರಿಜಿಸ್ಟರನ್ನು ತಿರುಗಿಸಿಕೊಂಡು ಓದಿದರು. ಪ್ರತಿಯೊಂದಕ್ಕೂ ಆಕೆ ಏನೆಂದಳು ಎಂದು ಪಕ್ಕೀರಪ್ಪನನ್ನೇ ಕೇಳಿದರು. ಅವನು ಹೇಳುತ್ತ ಹೇಳುತ್ತ ಸಣ್ಣಗಾದ. ತಂದೆಯ ಹೆಸರಿನ ಹತ್ತಿರದ ಗೆರೆಗೆ ಬಂದಾಗ ಡಾಕ್ಟರ ಮೀಸೆ ಅದುರಿತು. ಹೊರಗಿನಿಂದ ಚಂದ್ರಣ್ಣನವರ ದನಿ ಕೇಳುತ್ತಿತ್ತು: "ಇವತ್ತಿನ ಈ ಕೂಸು ನಾಳೆ ನಮ್ಮ ಜಿಲ್ಲೆಯ ದೊಡ್ಡ ಪೊಲೀಸ್ ಅಧಿಕಾರಿ..." ಚಿದಾನಂದಪ್ಪನವರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಭುಜಗಳು ಬಹಳ ಹೊತ್ತು ಕುಣಿದವು.

ತಿರುಗಿ ಕೂತಾಗ ಅವರ ಮುಖ ಬೇರೆಯಾಗಿತ್ತು. ಮರಿಯ ರೆಪ್ಪೆಯನ್ನು ಬೆರಳ ತುದಿಯಿಂದ ಒತ್ತಿ ನೋಡಿದರು.

"ಇದು ಹುಟ್ಟಿದ ಮಕ್ಕಳಿಗೂ ಬರ್ತದ. ರೆಪ್ಪಿ ತೆರೆಯೋಕಿಂತ ಮೊದಲ ಒಳಗ ಕೀವು ಕಟ್ಟೈತಿ. ಇನ್ನ ಎರಡು ದಿನ ಬಿಟ್ಟಿದ್ರ ಕಣ್ಣಗುಡ್ಡಿನ ಹೋಗ್ತಿತ್ತು. ಯಾರಾದ್ರೂ ಕೊಯ್ಯಾಕ ನೋಡಿದ್ರೇನು?"

"ನೋಡಿದ್ರು. ನಾನು ಬಿಡಲಿಲ್ರಿ."

"ಒಳ್ಳೇದು ಮಾಡೀದಿ. ಹಿಡಕೊ."

ಬೆಚ್ಚಗಿನ ಬೋರಿಕ್ ನೀರಿನಲ್ಲಿ ಹತ್ತಿ ಅದ್ದಿ ರೆಪ್ಪೆಯ ಮೇಲೆ ಇಟ್ಟರು. ತಣ್ಣಗಾದರೆ ಮತ್ತೆ ಅದ್ದಿದರು. ಅಂಟು ಕರಗಿದ ಮೇಲೆ ಮೂಗಿನ ಮೂಲೆಯಿಂದ ಕೂದಲೆಳೆಯಷ್ಟು ಬಿಡಿಸಿ, ಎರಡು ಬೆರಳಿನಿಂದ ಮೆಲ್ಲಗೆ ಅಗಲಿಸಿದರು. ಹಳದಿ ಕೀವು ಹರಿದು ಬಂತು. ಮರಿ ಕಿರುಚಿತು. ಅದರ ಜೊತೆಗೆ ಪಕ್ಕೀರಪ್ಪನೂ ಕಿರುಚಿದ. ಆದರೆ ಹತ್ತಿ ಅದ್ದಿ ಅದ್ದಿ ಕೊಡುವುದನ್ನು ನಿಲ್ಲಿಸಲಿಲ್ಲ. ತೊಳೆದು ತೊಳೆದು, ಕೊನೆಗೆ ಎರಡೂ ಕಣ್ಣಿಗೆ ಪೆನ್ಸಿಲಿನ್ ಮುಲಾಮು ಹಚ್ಚಿದಾಗ ಮರಿ ತಲೆ ಎತ್ತಿ ದೀಪದ ಕಡೆ ತಿರುಗಿತು.

"ಬಲಗಣ್ಣು ಚೊಲೊ ಐತಿ," ಎಂದರು ಡಾಕ್ಟರು. "ಎಡದ್ರ ಮ್ಯಾಲೆ ಬಿಳಿ ಚುಕ್ಕಿ ಬಿದ್ದೈತಿ. ಅದು ಉಳಿಬಹುದು. ದಿನಾ ನಾಲ್ಕು ಸಲ ತೊಳದು ಮುಲಾಮು ಹಚ್ಚು. ಇಲ್ಲಿ, ಈ ಚುಕ್ಕಿ ಕಾಣ್ತತೇನು?"

ಹುಲುಗಮ್ಮ ಬಾಗಿ, ಬೆರಳಿನಿಂದ ಮರಿಯ ಹುಬ್ಬು ತಡವಿದಳು. "ಹೂ... ಎಲ್ಲಿ ಅಂದ್ರಿ?"

ಚಿದಾನಂದಪ್ಪನವರು ದೀಪವನ್ನು ಆಕೆಯ ಕಡೆ ತಿರುಗಿಸಿದರು. "ನಿನಗ ಕಣ್ಣು ಹೆಂಗ ಕಾಣ್ತಾವ?"

"ಭಟ್ಟಿ ನಡಸ್ತೀನ್ರಿ. ಮುವ್ವತ್ತು ವರ್ಷಾತು."

"ಅದನ್ನ ಕೇಳಲಿಲ್ಲ. ನನ್ನ ಕೈಯಾಗ ಎಷ್ಟು ಬೆರಳು ಅದಾವ?"

"ದೇವರು ಎಷ್ಟು ಕೊಟ್ಟಾನೋ ಅಷ್ಟ್ರಿ."

"ಯಮ್ಮಾ," ಎಂದರು ಡಾಕ್ಟರು. "ಕಾಣ್ತಾವೋ ಇಲ್ಲೋ?"

ಬೆಳಗಿನಿಂದ ಎಷ್ಟು ಪ್ರಶ್ನೆಗಳನ್ನು ದಾಟಿಸಿದ್ದಳು! ಈ ಪ್ರಶ್ನೆಗೆ ಮಗ್ಗುಲೇ ಇರಲಿಲ್ಲ. ಹೌದು ಎಂದರೆ ಬಸವಣ್ಣನ ಆಣೆ ಮುರಿಯುತ್ತದೆ. ಮಾತು ತಿರುಗಿಸಲು ಇನ್ನೊಂದು ನಿಜ ಕೈಗೆ ಸಿಗಲಿಲ್ಲ. ಮರಿಯನ್ನು ಎದೆಗೆ ಒತ್ತಿಕೊಂಡು, "ಇಲ್ರಿ," ಎಂದಳು. "ಎಡಗಣ್ಣಾಗ ಬರೀ ಬೆಳಕು. ಬಲಗಣ್ಣಾಗ ಮಂಜು. ಹ್ವಾದ ಶ್ರಾವಣದಿಂದ."

ಮಾಸುಮಾಬಿಯ ಕೈಯಲ್ಲಿದ್ದ ಹಾಲಿನ ಚೊಂಬು ಕೆಳಗೆ ಬಿತ್ತು. "ದಿನಾ ಉರಿ ಮುಂದ ಕೂಡ್ತೀಯಲ್ಲ! ಕಾದ ಉಸುಕು ತಿರುವುತೀಯಲ್ಲ!"

"ಕೈಗೆ ಗೊತ್ತೈತಿ. ಹೇಳಿದ್ರ ಮನಿಯವರು ಭಟ್ಟಿ ಮುಚ್ಚತಾರ. ಆಮ್ಯಾಲೆ ನಾನು ಕಟ್ಟಿ ಮ್ಯಾಲೆ ಕುಂತು ಏನು ಮಾಡ್ಲಿ?"

ಭಟ್ಟಿಯ ಝಳಕ್ಕೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಡಗಣ್ಣಿನದು ಬಲಿತಿದೆ, ಬಳ್ಳಾರಿಗೆ ಬಂದರೆ ತೆಗೆಯಬಹುದು ಎಂದರು ಡಾಕ್ಟರು. ಮರಿಬಸಪ್ಪನ ಹೆಸರಿನ ಮೇಲೆ ಗೆರೆ ಎಳೆದು, ಅದೇ ನೂರನೇ ನಂಬರಿನ ಎದುರು 'ಹುಲುಗಮ್ಮ, ಕುರುಗೋಡು, ಎರಡೂ ಕಣ್ಣಿಗೆ ಪೊರೆ' ಎಂದು ತಮ್ಮ ಕೈಯಾರೆ ಬರೆದರು. "ಪಕ್ಕೀರಪ್ಪಾ, ನಿನ್ನ ನೂರು ಪೂರಾ ಆತು. ಬೆವರು ಒರಸ್ಕೊ."

ಮನೆಗೆ ಬಂದು ಹುಲುಗಮ್ಮ ಎಲ್ಲವನ್ನೂ ಹೇಳಿದಳು. ಚಂದ್ರಣ್ಣನವರ ಮಾಲೆಯವರೆಗೂ ಜಡೆಪ್ಪ ಗೋಡೆ ಹಿಡಿದು ನಕ್ಕ. ಕಣ್ಣಿನ ಮಾತು ಬಂದಾಗ ನಗು ನಿಂತುಹೋಯಿತು. ಎದ್ದು ಹಿತ್ತಲಿಗೆ ಹೋದ. ಬಹಳ ಹೊತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತ.

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಕೇಳಿದ್ರ ಹೇಳ್ತಿದ್ದೇನು?"

"ಇಲ್ಲ," ಎಂದಳು ಹುಲುಗಮ್ಮ.

ಮರುದಿನ ಬೆಳಿಗ್ಗೆ ಜಡೆಪ್ಪ ನೀರು ಕಾಯಿಸಿ, ಹತ್ತಿ ಹಿಡಿದು, ತಾನೇ ಹೊಟ್ಟಿನ ರಾಶಿಯ ಬಳಿ ಕೂತ. ಕೆಂದಿ ಮೊದಲ ದಿನ ಗುರ್ ಎಂದು ಅವನ ಧೋತರ ಹಿಡಿದೆಳೆಯಿತು. ಮೂರನೇ ದಿನಕ್ಕೆ ಮರಿಯನ್ನು ತಾನೇ ಮೂಗಿನಿಂದ ಅವನ ಕಡೆ ದೂಡಿತು. ಎತ್ತಿನ ಹಗ್ಗ ಹೊಸೆದು ಒರಟಾದ ಕೈ ಜಡೆಪ್ಪನದು. ಮೊದಮೊದಲು ಮುಲಾಮು ಮರಿಯ ಮೂಗಿಗೂ ಕಿವಿಗೂ ಹೋಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಕೈ ಹದಕ್ಕೆ ಬಂತು.

"ನಾಯಿಗೆ ಇಷ್ಟು ಸೇವಾ ಯಾಕ್ರಿ?" ಎಂದು ಹುಲುಗಮ್ಮ ಕೆಣಕಿದಳು.

"ಮುಂದ ಇನ್ನೊಬ್ರಿಗೆ ಹಚ್ಚೋದೈತಲ್ಲ. ಕಲಿಯಾಕ ಬ್ಯಾಡೇನು?" ಎಂದ ಅವನು, ತಲೆ ಎತ್ತದೆ.

ಎಂಟನೇ ದಿನ ಎಲ್ಲರೂ ಬಳ್ಳಾರಿಗೆ ಹೋದರು. ಮರಿಯ ಬಲಗಣ್ಣು ಪೂರ್ತಿ ತೆರೆದಿತ್ತು, ಎಡಗಣ್ಣಿನ ಬಿಳಿ ಚುಕ್ಕಿ ಹಾಗೇ ಇತ್ತು. ಹುಲುಗಮ್ಮನ ಎಡಗಣ್ಣಿನ ಪೊರೆ ತೆಗೆದರು. ಅಲ್ಲಾಡಬಾರದು, ಕೆಮ್ಮಬಾರದು, ನಗಬಾರದು, ಮಾತಾಡಬಾರದು ಎಂದು ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಮಲಗಿಸಿದರು. ಆಪರೇಷನ್ನಿಗಿಂತ ಮಾತಾಡದಿರುವುದೇ ದೊಡ್ಡ ಕಷ್ಟವಾಗಿತ್ತು ಎಂದು ಆಕೆ ಆಮೇಲೆ ಹೇಳುತ್ತಿದ್ದಳು. ಅವಳ ಬದಲು ಮಾಸುಮಾಬಿ ಮಾತಾಡಿದಳು. ಅಷ್ಟು ದಿನವೂ ಮಂಚದ ಪಕ್ಕ ಕೂತು ಕುರುಗೋಡಿನಲ್ಲಿ ಮಂಡಕ್ಕಿ ಮಳೆ ಸುರಿದದ್ದು, ಗಾದೆಪ್ಪನ ಕೋಳಿ ತೆಲುಗು ಮಾತಾಡಿದ್ದು, ಕಂಪೌಂಡರ್ ಪಕ್ಕೀರಪ್ಪನಿಗೆ ಬಾಲ ಬಂದದ್ದು, ಹೀಗೆ ಒಂದಾದಮೇಲೊಂದು ಹೇಳಿದಳು. ಮೊದಲನೆಯದು ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಿತು. ಉಳಿದವು ನೀರಿನಂತೆ ಹರಿದುಬಂದವು. ನಗಲಾರದೆ ಹುಲುಗಮ್ಮ ಹಾಸಿಗೆಯ ಅಂಚನ್ನು ಹಿಂಡುತ್ತಿದ್ದಳು.

ಯುಗಾದಿ ಕಳೆದು ಎರಡು ವಾರಕ್ಕೆ ಕನ್ನಡಕ ಬಂತು. ಗಾಜು ಮೂರು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಜಡೆಪ್ಪ ಅದನ್ನು ಆಕೆಯ ಕಿವಿಗೆ ಸಿಕ್ಕಿಸಿದ. ಹುಲುಗಮ್ಮ ಮೊದಲು ಕಂಡದ್ದು ಗಂಡನ ತಲೆ.

"ನಿಮ್ಮ ಕೂದಲು ಯಾವಾಗ ಇಷ್ಟು ಬೆಳ್ಳಗಾದ್ವು?"

"ನೀನು ನೋಡದಾಗ," ಎಂದ ಜಡೆಪ್ಪ.

ಅಷ್ಟರಲ್ಲಿ ಮೊಣಕಾಲೆತ್ತರ ಬೆಳೆದ ಮರಿ ಓಡಿ ಬಂದು ಆಕೆಯ ಕಾಲಿಗೆ ಡಿಕ್ಕಿ ಹೊಡೆಯಿತು. ಅವಳು ಬಾಗಿ ಅದರ ಗದ್ದ ಹಿಡಿದು ಎತ್ತಿ, ಮೊದಲ ಸಲ ಸರಿಯಾಗಿ ಮುಖ ನೋಡಿದಳು. ಒಂದು ಕಿವಿ ಮೇಲೆ, ಒಂದು ಕೆಳಗೆ. ಮೂಗಿನ ಮೇಲೆ ಯಾರೋ ಮಸಿ ಒರೆಸಿದ ಹಾಗೆ ಕಲೆ. ಕೆಳಗಿನ ಹಲ್ಲು ಎರಡು ತುಟಿಯ ಹೊರಗೆ.

"ಅಯ್ಯಯ್ಯ!" ಎಂದು ಕೂಗಿದಳು. "ಇದೇನ್ರಿ ಇಷ್ಟು ಕುರೂಪ ಐತಿ! ಇದಕ್ಕ ಮಾಲಿ ಹಾಕಿಸಿದ್ನಾ ನಾನು? ಮಾಸುಮಾ, ನೀನಾದ್ರೂ ಹೇಳಬಾರದಾ?"

ಜರಡಿ ಹಿಡಿದಿದ್ದ ಮಾಸುಮಾಬಿ ಕಣ್ಣು ಮಿಟುಕಿಸದೆ, "ಚಂದ್ರನ ತುಂಡಿನಂಗ ಐತಲ್ಲಕ್ಕಾ," ಎಂದಳು.

ಜರಡಿಯಿಂದ ಸಿಡಿದ ಒಂದು ಮಂಡಕ್ಕಿ ಗಾಳಿಗೆ ಅಂಗಳದಲ್ಲಿ ಉರುಳಿತು. ಮರಿ ತಲೆಯನ್ನು ಬಲಗಣ್ಣಿನ ಕಡೆಗೆ ವಾಲಿಸಿ, ಗುರಿ ಹಿಡಿದು, ಅದರ ಮೇಲೆ ಹಾರಿತು. ನಾಲ್ಕು ಬೆರಳಿನಷ್ಟು ಗುರಿ ತಪ್ಪಿತು. ಹುಲುಗಮ್ಮ ಕೆಳಗೆ ಕೂತು ಇನ್ನೊಂದು ಮಂಡಕ್ಕಿಯನ್ನು ನೆಲದ ಮೇಲಿಟ್ಟು, ಉಫ್ ಎಂದು ಊದಿದಳು.